ಬಾಯಿ ಬಿಡಿಸುವ ಕೆಲಸ

ಮರ ಕೊಯ್ಯುವ ಮಷಿನ್ನಿಗೆ ಶಕ್ತಿ ಹೆಚ್ಚಿಸುವುದಕ್ಕೆ ಆ ನೆಡುತೋಪಿನ ಊರಿನವರು ಇಟ್ಟ ಹೆಸರು 'ಬಾಯಿ ಬಿಡಿಸೋದು'. ಸಿಲಿಂಡರಿನಿಂದ ಹೊಗೆ ಹೊರಬೀಳುವ ಕಂಡಿಯನ್ನು ಉಜ್ಜಿ ಅಗಲ ಮಾಡಬೇಕು, ಸೈಲೆನ್ಸರಿಗೆ ಇನ್ನೊಂದು ತೂತು ಕೊರೆಯಬೇಕು, ಬುಡದ ತೆಳು ಪ್ಯಾಕಿಂಗ್ ತೆಗೆದು ಸಿಲಿಂಡರನ್ನು ಕೂದಲೆಳೆಯಷ್ಟು ಕೆಳಗೆ ಕೂರಿಸಬೇಕು. ಕೊನೆಗೆ ಕಾರ್ಬ್ಯುರೇಟರಿನ ತಿರುಪನ್ನು ಬರೀ ಸದ್ದು ಕೇಳಿ ಹದಕ್ಕೆ ತರಬೇಕು. ಇದು ಎಲ್ಲರ ಕೈಲಾಗುವ ಕೆಲಸವಲ್ಲ. ಕಿವಿ ಮೇಸ್ತ್ರಿಗೆ ಆ ಹೆಸರು ಬಂದದ್ದೇ ಅದರಿಂದ. ಹೆಂಡತಿ ಮೂರು ಸಲ ಕೂಗಿದರೂ ಕೇಳಿಸದ ಆ ಕಿವಿಗೆ ಇಂಜಿನ್ನಿನ ಹೊಟ್ಟೆಯೊಳಗೆ ಗಾಳಿ ಹೆಚ್ಚಾಗಿದೆಯೋ ಪೆಟ್ರೋಲು ಹೆಚ್ಚಾಗಿದೆಯೋ ಎಲ್ಲ ತಿಳಿಯುತ್ತಿತ್ತು. "ಅದೇ ಹೇಳ್ತಾ ಇರುತ್ತೆ, ನಂದೇನಿದೆ," ಎಂಬ ಜಂಬ ಬೇರೆ.

ಒಂದು ದಿನ ಮಧ್ಯಾಹ್ನ ಒಂದರ ಹೊತ್ತಿಗೆ ಟೈಲರಮ್ಮ ಗೋಣಿಚೀಲ ಹೊತ್ತು ಶೆಡ್ಡಿನ ಬಾಗಿಲಿಗೆ ಬಂದಾಗ ಮೇಸ್ತ್ರಿ ಕೈಲಿದ್ದ ಸ್ಪ್ಯಾನರ್ ಬೆಂಚಿನ ಮೇಲಿಟ್ಟ. ಚೀಲದಿಂದ ಇಣುಕುತ್ತಿದ್ದ ಹಿಡಿಕೆಯ ಗುರುತು ಅವನಿಗೆ ಚೆನ್ನಾಗಿತ್ತು. ಅದು ಅವಳ ತಮ್ಮನ ಮಷಿನ್ನು. ಮೂರು ತಿಂಗಳ ಹಿಂದೆ ಮರ ಕೊಯ್ಯುತ್ತಿದ್ದಾಗ ಅದು ಎಗರಿ ಅವನ ಕುತ್ತಿಗೆಗೇ ಬಡಿದಿತ್ತು. ಕುಡಿದು ಕೆಲಸಕ್ಕೆ ಹೋಗಿದ್ದನಂತೆ ಎಂದು ಯಾರೋ ಅಂದರು. ನಾಲಿಗೆಗೆ ಮೂಳೆ ಇಲ್ಲದ ಜನ, ಎರಡೇ ದಿನದಲ್ಲಿ ಅದನ್ನು ನಿಜ ಮಾಡಿಬಿಟ್ಟರು. ಒಂದು ಹನಿ ಮುಟ್ಟದವನು ಕುಡುಕನಾಗಿ ಮಣ್ಣಿಗೆ ಹೋದ.

ನಿಜ ಗೊತ್ತಿದ್ದದ್ದು ಮೇಸ್ತ್ರಿಗೆ ಮಾತ್ರ. ಬಾಯಿ ಬಿಡಿಸಿದ ಮಷಿನ್ನಿನ ಜೋರಿಗೆ, ಎಗರಿದಾಗ ಚೈನು ನಿಲ್ಲಿಸಬೇಕಾದ ಬ್ರೇಕು ಸಣ್ಣ ಕುಲುಕಾಟಕ್ಕೂ ಬೀಳುತ್ತಿತ್ತು. ಕೆಲಸ ಕೆಡುತ್ತದೆ ಎಂದು ಗೊಣಗಿದವರಿಗೆ ಅವನು ಮುಚ್ಚಳದೊಳಗಿನ ಬ್ರೇಕ್ ಪಟ್ಟಿಯನ್ನೇ ಕಿತ್ತುಕೊಡುತ್ತಿದ್ದ. ಟೈಲರಮ್ಮನ ತಮ್ಮನದನ್ನೂ ಹಾಗೇ ಕಿತ್ತಿದ್ದ. ಹೊರಗಿನ ಹಿಡಿ ಹಾಗೇ ಇರುತ್ತಿತ್ತಾದ್ದರಿಂದ ನೋಡಿದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ವಿಚಾರಣೆಗೆ ಬಂದವರು ಮುಚ್ಚಳ ಬಿಚ್ಚಲಿಲ್ಲ, ಇವನು ತುಟಿ ಪಿಟಕ್ಕೆನ್ನಲಿಲ್ಲ. ಅಪ್ಪಟ ಹೇಡಿತನ. ಅವತ್ತಿನಿಂದ ಟೈಲರಮ್ಮನ ಮನೆಯ ಬೀದಿಯಲ್ಲಿ ಓಡಾಡುವುದನ್ನೂ ಬಿಟ್ಟಿದ್ದ.

"ಮಾರ್ಬೇಕಾ ಅಕ್ಕಾ?" ಎಂದು ಕೇಳಿದ.

"ಇಲ್ಲ. ಇದರ ಬಾಯಿ ಬಿಡಿಸಿಕೊಡಿ."

"ಒಂದ್ಸಲ ಮಾಡಿದ್ದೀನಲ್ಲ ಇದಕ್ಕೆ."

"ಇನ್ನೊಂದ್ಸಲ ಮಾಡಿ. ನಾನಿಲ್ಲೇ ಕೂತಿರ್ತೀನಿ."

ನೆಂಟರಲ್ಲಿ ಯಾರಿಗೋ ಕೊಡುತ್ತಾಳೆ ಎಂದು ಅಂದಾಜು ಮಾಡಿದ ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ಮುಚ್ಚಳ ಹೇಗೂ ಬಿಚ್ಚಬೇಕು. ಬಿಚ್ಚಿದಾಗ ಒಂದು ಪಟ್ಟಿ ಕೂರಿಸಿಬಿಟ್ಟರೆ ತನ್ನ ತಪ್ಪಿಗೆ ಸಾಕ್ಷಿಯೇ ಉಳಿಯುವುದಿಲ್ಲ. ಟೈಲರಮ್ಮ ಸ್ಟೂಲಿನ ಮೇಲೆ ಕೂತು, ಯಾರದೋ ಅಂಗಿಗೆ ತಲೆ ಬಗ್ಗಿಸಿ ಗುಂಡಿ ಹೊಲಿಯತೊಡಗಿದಳು.

ಮೂರು ತಿಂಗಳು ಮೂಲೆಯಲ್ಲಿದ್ದ ಸಿಲಿಂಡರು ಕೈಗೆ ಬೆಚ್ಚಗೆ ಹತ್ತಿತು. ಬಿಸಿಲಲ್ಲಿ ಹೊತ್ತು ತಂದಿದ್ದಾಳೆ, ಅದಕ್ಕೇ ಎಂದುಕೊಂಡ. ಕಂಡಿಗೆ ಅರ ತೂರಿಸಿದರೆ ಅದು ಎಲ್ಲೂ ತಾಗದೆ ಸಲೀಸಾಗಿ ಒಳಗೆ ಹೋಯಿತು. ತಾನು ಉಜ್ಜಿದ್ದು ಇಷ್ಟಗಲ ಇರಲಿಲ್ಲ. ಅಳತೆ ಅವನ ಬೆರಳಿಗೆ ಬಾಯಿಪಾಠವಾಗಿತ್ತು. ಅರ ಪಕ್ಕಕ್ಕಿಟ್ಟ. ಆಮೇಲೆ ಡ್ರಾಯರಿನಿಂದ ಪಟ್ಟಿಯೊಂದನ್ನು ತೆಗೆದು, ಹೆಂಗಸು ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಕೂರಿಸಿ ಮುಚ್ಚಳ ಬಿಗಿದ.

ಇಷ್ಟು ದಿನ ಬಿದ್ದಿದ್ದ ಮಷಿನ್ನು ಹತ್ತು ಸಲವಾದರೂ ಎಳೆಸಿಕೊಳ್ಳಬೇಕಿತ್ತು. ಮೊದಲ ಎಳೆತಕ್ಕೇ ಶುರುವಾಯಿತು. ಮೇಸ್ತ್ರಿ ತಿರುಪುಳಿ ಹಿಡಿದು ಬಗ್ಗಿದ. ಟೈಲರಮ್ಮ ಅಂಗಿಯನ್ನು ಸ್ಟೂಲಿನ ಮೇಲಿಟ್ಟು ಹತ್ತಿರ ಬಂದು ನಿಂತಳು.

"ಏನಂತೆ?" ಎಂದು ಕೇಳಿದಳು.

"ಏನು ಏನಂತೆ?"

"ಇಂಜಿನ್ ಮಾತು ನಿಮಗೆ ಕೇಳಿಸುತ್ತಂತಲ್ಲ. ಬಾಯಿ ಬಿಡಿಸೋರು ನೀವೊಬ್ಬರೇ ಅಂತ ನನ್ ತಮ್ಮ ದಿನಾ ಹೇಳ್ತಿದ್ದ. ಅವತ್ತು ಅವನ ಕೈಲಿ ಇದ್ದದ್ದು ಇದೊಂದೇ. ಏನಾಯ್ತು ಅಂತ ಇದನ್ನ ಕೇಳಿ ಹೇಳಿ."

ಅವಳಿಗೆ ಮಷಿನ್ನಿನ ಶಕ್ತಿ ಬೇಕಾಗಿರಲೇ ಇಲ್ಲ. ತಮ್ಮ ಹೇಳುತ್ತಿದ್ದ ಮಾತನ್ನು ಆ ಹೆಂಗಸು ಅಕ್ಷರಶಃ ನಂಬಿ, ಮಷಿನ್ನನ್ನು ಸಾಕ್ಷಿ ಹೇಳಿಸಲು ತಂದಿದ್ದಳು. ಮೇಸ್ತ್ರಿ ನಗಬೇಕೆಂದುಕೊಂಡ, ನಗು ಬರಲಿಲ್ಲ. ಸ್ವಿಚ್ಚು ಒತ್ತಿದ.

ಇಂಜಿನ್ನು ನಿಲ್ಲಲಿಲ್ಲ. ಎಲ್ಲೋ ಗಾಳಿ ಎಳೆಯುತ್ತಿದೆ ಎಂದು ಚೋಕ್ ಎಳೆದ. ಪ್ಲಗ್ಗಿನ ವೈರು ಕಿತ್ತ. ಪೆಟ್ರೋಲಿನ ನಳಿಗೆಯನ್ನೂ ಕಿತ್ತ. ಬೆಂಚಿನ ಮೇಲೆಲ್ಲ ಪೆಟ್ರೋಲು ಚೆಲ್ಲಿತು. ಆದರೂ ಅದು ಒಂದೇ ಸಮನೆ ಗುರುಗುಟ್ಟುತ್ತಿತ್ತು, ಕುತ್ತಿಗೆಯಲ್ಲಿ ನೀರು ತುಂಬಿಕೊಂಡವನು ಮಾತಾಡಲು ಹವಣಿಸುವಂತೆ.

"ನಿಮ್ಮ ತಮ್ಮ ಕುಡಿದಿರ್ಲಿಲ್ಲ!" ಎಂದು ಕಿರುಚಿದ ಮೇಸ್ತ್ರಿ.

"ಅದು ನನಗೆ ಗೊತ್ತು. ಮುಂದೆ?"

"ಎಗರಿದಾಗ ಬ್ರೇಕ್ ಹಿಡೀಬೇಕಿತ್ತು. ಹಿಡೀಲಿಲ್ಲ. ಪಟ್ಟೀನೇ ಇರ್ಲಿಲ್ಲ ಒಳಗೆ! ನಾನೇ ಕಿತ್ತಿದ್ದೆ! ಈಗ ನಿಮ್ಮ ಕಣ್ಣು ತಪ್ಪಿಸಿ ಇನ್ನೊಂದು ಹಾಕಿದೆ!"

"ಹಾಕಿದ್ದು ನೋಡಿದೆ. ಅದೇನು ಅಂತ ಗೊತ್ತಿರ್ಲಿಲ್ಲ," ಎಂದಳು ಟೈಲರಮ್ಮ. "ಅದು ಸರಿ, ಯಾಕೆ ಹೀಗೆ ಕಿರುಚ್ತಿದ್ದೀರಿ?"

"ಈ ಸದ್ದಲ್ಲಿ ಇನ್ಹೇಗೆ ಮಾತಾಡ್ಲಿ!"

"ಯಾವ ಸದ್ದು? ಸ್ವಿಚ್ ಒತ್ತಿದಾಗಲೇ ನಿಂತಿತಲ್ಲ."

ಮೇಸ್ತ್ರಿ ಸೈಲೆನ್ಸರಿನ ಮೇಲೆ ಅಂಗೈ ಇಟ್ಟ. ಅಲುಗಾಟವಿರಲಿಲ್ಲ. ಶೆಡ್ಡಿನಲ್ಲಿ ಗೋಡೆ ಗಡಿಯಾರದ ಟಿಕ್ ಟಿಕ್ ಬಿಟ್ಟರೆ ಏನೂ ಇರಲಿಲ್ಲ. ಅವನಿಗೆ ಅಳು ಬಂತು, ಅತ್ತುಬಿಟ್ಟ. ಟೈಲರಮ್ಮ ಸಮಾಧಾನ ಮಾಡಲಿಲ್ಲ. ಯಾಕಾದರೂ ಮಾಡಬೇಕು?

"ಇದನ್ನೇ ಎಲ್ಲರೆದುರು ಹೇಳಬೇಕು ನೀವು," ಎಂದಳು.

"ಹೇಳ್ತೀನಿ. ಇವತ್ತೇ ಹೇಳ್ತೀನಿ."

"ಇನ್ನೆಷ್ಟು ಜನಕ್ಕೆ ಹೀಗೆ ಕಿತ್ತುಕೊಟ್ಟಿದ್ದೀರಿ?"

ಅವನು ಬಾಯಿ ತೆರೆಯುವಷ್ಟರಲ್ಲಿ ರಸ್ತೆಯಾಚೆಯ ನೆಡುತೋಪಿನಲ್ಲಿ ಊಟದ ಬಿಡುವು ಮುಗಿಯಿತು. ಒಂದು ಮಷಿನ್ನು ಶುರುವಾಯಿತು, ಅದರ ಹಿಂದೆ ಮತ್ತೊಂದು, ಆಮೇಲೆ ಎರಡು ಒಟ್ಟಿಗೆ. ಪ್ರತಿಯೊಂದರ ಗಂಟಲೂ ಮೇಸ್ತ್ರಿಗೆ ಪರಿಚಯದ್ದೇ, ಎಲ್ಲವನ್ನೂ ಅಗಲ ಮಾಡಿದ್ದು ಅವನೇ. ಬಲಗಡೆ ಎಲ್ಲಕ್ಕಿಂತ ಜೋರಾಗಿ ಅರಚುತ್ತಿದ್ದದ್ದು ಅವನ ಹೆಂಡತಿಯ ತಮ್ಮನದು. ಮನೆಯವನು ಎಂಬ ಅಕ್ಕರೆಗೆ, ಕೇಳದಿದ್ದರೂ ಹೋದ ವಾರ ಅದರ ಪಟ್ಟಿ ಕಿತ್ತಿದ್ದ.

ಮೇಸ್ತ್ರಿ ಡ್ರಾಯರಿನಲ್ಲಿದ್ದ ಪಟ್ಟಿಗಳನ್ನೆಲ್ಲ ಎರಡೂ ಕೈಯಿಂದ ಬಾಚಿಕೊಂಡು ಬಾಗಿಲಿಗೆ ಓಡಿದ. ಹೊಸ್ತಿಲು ದಾಟುವಾಗ ಬಲಗಡೆಯ ಸದ್ದು ಒಮ್ಮೆಲೇ ಮೇಲಕ್ಕೇರಿ, ಅರ್ಧಕ್ಕೇ ಕತ್ತರಿಸಿಹೋಯಿತು. ಉಳಿದ ಮಷಿನ್ನುಗಳೂ ಒಂದೊಂದಾಗಿ ನಿಂತವು. ಇದೂ ತನ್ನ ಕಿವಿಯ ಭ್ರಮೆಯೇ ಆಗಿರಲಿ ಎಂದು ಬೇಡಿಕೊಳ್ಳುತ್ತ ಅವನು ಹಿಂದಿರುಗಿ ಟೈಲರಮ್ಮನ ಮುಖ ನೋಡಿದ.

"ಈಗ ನಿಂತಿದ್ದು ನನಗೂ ಕೇಳಿಸ್ತು," ಎಂದಳು ಅವಳು.