ಹಲ್ಲಿನ ಚಿತ್ರದ ಪೊಟ್ಟಣ

ವರ್ನಾಳ ತಲೆ ಕೆಟ್ಟುಹೋಗಿತ್ತು. ಗ್ಲೇಸ್ ಬೇ ಊರಿನ ಮೂಲೆಯಂಗಡಿಯಲ್ಲಿ ಗಂಡ ಮರ್ಡಕ್ ಸಿಗರೇಟು ಕೊಳ್ಳುವ ಚಂದವನ್ನು ಅವಳು ಇವತ್ತು ಕಣ್ಣಾರೆ ಕಂಡಿದ್ದಳು. ಅಂಗಡಿಯವಳು ಕೊಟ್ಟ ಪೊಟ್ಟಣದ ಮೇಲೆ ಕಪ್ಪಾದ ಶ್ವಾಸಕೋಶದ ಚಿತ್ರವಿತ್ತು. ಮರ್ಡಕ್ ಅದನ್ನು ಹಿಂದಕ್ಕೆ ತಳ್ಳಿದ.

"ಇದು ಬೇಡ. ಹುಳುಕು ಹಲ್ಲಿಂದು ಕೊಡು. ನನ್ನವು ಹೇಗೂ ಕಟ್ಟಿಸಿದ ಹಲ್ಲು."

ಅಂಗಡಿಯವಳು ಬಿದ್ದು ಬಿದ್ದು ನಕ್ಕಳು. ವರ್ನಾಗೆ ಮೈಯೆಲ್ಲ ಉರಿಯಿತು.

ಹಲ್ಲಿನದು ಸಿಗದ ದಿನ ಆ ಮಹಾಶಯ ಸಿಗರೇಟುಗಳನ್ನು ತಗಡಿನ ಡಬ್ಬಿಗೆ ಸುರಿದುಕೊಂಡು ಪೊಟ್ಟಣ ಬಿಸಾಡುತ್ತಿದ್ದ. ಅವಳೇನು ಕಡಿಮೆಯೇ? ಬಿಸಾಡಿದ್ದನ್ನೆಲ್ಲ ಹೆಕ್ಕಿ, ಚಿತ್ರ ಕತ್ತರಿಸಿ, ಫ್ರಿಜ್ಜಿಗೆ, ಕನ್ನಡಿಗೆ, ಅವನ ಚಹಾದ ಡಬ್ಬಕ್ಕೆ ಅಂಟಿಸಿದ್ದಳು. ಫಲವೇನು? ಅವನು ಕೆಮ್ಮುತ್ತಲೇ ಗ್ಯಾರೇಜಿಗೆ ವಾಸ ಬದಲಿಸಿದ.

"ಅದನ್ನ ನೋಡಿದ್ರೆ ಎದೆ ಡವಗುಟ್ಟುತ್ತೆ ಕಣೇ. ಒಂದು ಸೇದಿದ್ರೇನೇ ಸಮಾಧಾನ."

ಇಂಥವನಿಗೆ ಏನು ಹೇಳುವುದು!

ಆದರೆ ವರ್ನಾಳ ಹೊಟ್ಟೆಯೊಳಗೂ ಒಂದು ಗುಟ್ಟಿತ್ತು. ಚಳಿಗಾಲದಲ್ಲಿ ಸ್ನಾನ ಮಾಡುವಾಗ ಎಡ ಸ್ತನದಲ್ಲಿ ಗಂಟೊಂದು ಕೈಗೆ ತಗುಲಿತ್ತು. ಸ್ತನ ತಪಾಸಣೆಗೆ ಬನ್ನಿ ಎಂದು ಆಸ್ಪತ್ರೆಯಿಂದ ಬಂದ ಎರಡು ಲಕೋಟೆಗಳನ್ನು ಅವಳು ಒಡೆಯದೆ ಓಟ್ಸ್ ಡಬ್ಬದ ಹಿಂದೆ ತುರುಕಿದ್ದಳು. ಮೊದಲು ಇವನು ಸಿಗರೇಟು ಬಿಡಲಿ, ಆಮೇಲೆ ನನ್ನದು ಎಂದುಕೊಂಡಿದ್ದಳು.

ಮನೆಗೆ ಬಂದವಳೇ ಶ್ವಾಸಕೋಶದ ಚಿತ್ರವೊಂದನ್ನು ತೆಗೆದುಕೊಂಡು, ಹಿಂದೆಯೇ ಬಂದ ಮರ್ಡಕ್‌ನ ಕೋಟಿನಿಂದ ತಗಡಿನ ಡಬ್ಬಿ ಕಿತ್ತುಕೊಂಡಳು. ಅದರೊಳಗೇ ಅಂಟಿಸುವ ಹಟ. ಮುಚ್ಚಳ ತೆಗೆದರೆ, ಸಿಗರೇಟುಗಳ ಮೇಲೆ ಅವಳ ಎರಡು ಲಕೋಟೆಗಳು ಮಡಿಸಿಕೊಂಡು ಕೂತಿದ್ದವು.

"ನನ್ನ ಕಾಗದ ಇಲ್ಯಾಕೆ ಬಂತು?"

"ಓಟ್ಸ್ ಹಿಂದೆ ಸಿಕ್ತು. ನೋಡೋಕಾಗದ್ದನ್ನ ತಪ್ಪಿಸ್ಕೊಳ್ಳೋಕೆ ಇಟ್ಕೊಂಡಿರೋ ಡಬ್ಬಿ ತಾನೇ ಅದು? ನಿಂದೂ ಅಲ್ಲೇ ಇರ್ಲಿ ಅಂತ ಇಟ್ಟೆ." ಅವನು ನಗುತ್ತಿದ್ದ.

ವರ್ನಾ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

"ಗಂಟಿದೆ, ಮರ್ಡಕ್. ಎಡಗಡೆ. ಚಳಿಗಾಲದಿಂದ."

ಅವನ ನಗು ಇಳಿದುಹೋಯಿತು. ಕೈ ಡಬ್ಬಿಯತ್ತ ಚಾಚಿತು. ಸಿಗರೇಟಿಗೇ ಎಂದುಕೊಂಡಳು. ಅವನು ಲಕೋಟೆ ಒಡೆದು, ಕನ್ನಡಕ ಏರಿಸಿ, ಫೋನ್ ನಂಬರು ಹುಡುಕತೊಡಗಿದ.

"ನಿನ್ನ ಕೆಮ್ಮು? ಅದನ್ನ ಯಾವಾಗ ತೋರಿಸ್ತೀಯಾ?"

"ಮೊದ್ಲು ನಿಂದಾಗ್ಲಿ."

"ಮೊದ್ಲು ನಿಂದಾಗ್ಲಿ ಅಂತ್ಲೇ ಕಣೋ ನಾನೂ ಇಷ್ಟು ದಿನ ಕೂತಿದ್ದು!"

ಮರ್ಡಕ್ ಕಾಗದದಲ್ಲಿದ್ದ ನಂಬರು ಒತ್ತಿದ. ಆಮೇಲೆ ಫೋನನ್ನು ಅವಳ ಕೈಗಿಟ್ಟ.

"ಸರಿ. ನಿಂದು ಮುಗಿಸಿ ಕೊಡು. ನಂದಕ್ಕೂ ಫೋನ್ ಮಾಡ್ತೀನಿ."