ಮೂರು ನಿಮಿಷ ಹತ್ತು ಸೆಕೆಂಡು

"ನಿಲ್ಸು, ನಿಲ್ಸು! ಮೂಲೆ ಕೈಗೇ ಸಿಗ್ಲಿಲ್ಲ," ಎಂದು ವರ್ನಾ ಕೂಗಿಕೊಂಡಳು.

ಟ್ವೈಲಾ ಫೋನಿನ ಗಡಿಯಾರ ನಿಲ್ಲಿಸಿ ಮತ್ತೆ ಸೊನ್ನೆಗೆ ತಂದಳು. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಬೆಳಗಿನ ಎರಡನೇ ಸುತ್ತಿನ ಬೆಡ್‌ಶೀಟುಗಳು ಒಣಗಿ, ಬಿಸಿಯಾಗಿ, ಗಾಡಿಯ ತುಂಬ ಬಿದ್ದಿದ್ದವು. ಮಡಿಸುವ ಯಂತ್ರ ಕೆಟ್ಟು ಕೂತು ಮೂರು ವರ್ಷವಾಗಿತ್ತು. ರಿಪೇರಿ ಮಾಡಿಸುತ್ತೇವೆ ಎಂದು ಮೇಲಿನವರು ಹೇಳುತ್ತಲೇ ಇದ್ದರು, ಈ ಐದು ಜನ ಹೆಂಗಸರು ಕೈಯಲ್ಲೇ ಮಡಿಸುತ್ತಲೇ ಇದ್ದರು.

"ಸರಿಯಾಗಿ ಮಾಡ್ರೇ. ಈ ಲೆಕ್ಕ ನನ್ನ ಕೊನೇ ಪೇಪರಿಗೆ ಬೇಕು," ಎಂದಳು ಟ್ವೈಲಾ.

"ಸರಿಯಾಗೇ ಮಾಡ್ತೀನಿ ತಾಯಿ, ನೋಡ್ತಿರು. ಮದುಮಗಳು ಬರ್ತಿದಾಳೆ, ದಾರಿ ಬಿಡಿ!" ವರ್ನಾ ಬೆಡ್‌ಶೀಟನ್ನು ತಲೆಯ ಮೇಲೆ ಹೊದ್ದುಕೊಂಡು, ಅರವತ್ತೊಂದರ ಸೊಂಟವನ್ನು ಬಳುಕಿಸುತ್ತಾ, ತೊಳೆಯುವ ಯಂತ್ರಗಳ ಮಧ್ಯೆ ಮೆರವಣಿಗೆ ಹೊರಟೇಬಿಟ್ಟಳು. ಎದುರಿಗೆ ನಿಂತು ಮಡಿಸುತ್ತಿದ್ದ ಡಾಟಿ ಹಿಂದಿನಿಂದ ಸೆರಗು ಹಿಡಿದು ಬಾಯಲ್ಲೇ ಬ್ಯಾಂಡು ಬಾರಿಸಿದಳು. ಒಣಗಿಸುವ ಯಂತ್ರಕ್ಕೆ ಮುತ್ತು ಕೊಟ್ಟು, ಅದನ್ನೇ ಗಂಡನೆಂದು ಒಪ್ಪಿ, ವಾಪಸ್ಸು ಬಂದು, ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡು ಅವರಿಬ್ಬರೂ ಆ ಶೀಟನ್ನು ಮಡಿಸಿ ಮುಗಿಸುವಾಗ ಗಡಿಯಾರ ಮೂರು ನಿಮಿಷ ಹತ್ತು ಸೆಕೆಂಡು ತೋರಿಸುತ್ತಿತ್ತು.

"ಬರ್ಕೋ," ಎಂದಳು ವರ್ನಾ ಏದುಸಿರು ಬಿಡುತ್ತಾ.

"ಇದನ್ನ ಬರ್ಕೊಂಡ್ರೆ ನನಗೆ ಡಿಗ್ರಿ ಕೊಟ್ಟ ಹಾಗೇ."

ಆಮೇಲೆ ಗಂಭೀರವಾಗಿ ಹತ್ತು ಬೆಡ್‌ಶೀಟು ಮಡಿಸಿದರು. ಮೂವತ್ತೊಂಬತ್ತು ಸೆಕೆಂಡು, ನಲವತ್ತೊಂದು, ಮತ್ತೆ ಮೂವತ್ತೊಂಬತ್ತು. ಮೂರು ವರ್ಷ ದಿನವಿಡೀ ಎದುರುಬದುರು ನಿಂತು ಮಡಿಸಿದ ಕೈಗಳು. ಕಣ್ಣು ಮುಚ್ಚಿಕೊಂಡರೂ ತಪ್ಪುತ್ತಿರಲಿಲ್ಲ. ಟ್ವೈಲಾ ಅಷ್ಟನ್ನೂ ಬರೆದುಕೊಂಡಳು. ಮದುಮಗಳ ಮೂರು ನಿಮಿಷ ಹತ್ತು ಸೆಕೆಂಡು ಮಾತ್ರ ಫೋನಿನ ಪಟ್ಟಿಯ ತುದಿಯಲ್ಲಿ ಅಳಿಸದೆ ಉಳಿಯಿತು.

ಟ್ವೈಲಾ ಬಿ.ಎ. ಮುಗಿಸಲು ಹನ್ನೊಂದು ವರ್ಷ ತೆಗೆದುಕೊಂಡವಳು. ಮಧ್ಯೆ ಒಂದು ಹೆರಿಗೆ, ಒಂದು ವಿಚ್ಛೇದನ, ಕಾರಿನ ಗೇರುಪೆಟ್ಟಿಗೆ ಹೋದದ್ದು, ಅಮ್ಮ ಹೋದದ್ದು. ಆದರೆ ಈ ಆನ್‌ಲೈನ್ ಮಾಸ್ಟರ್ಸ್ ಬೇರೆ ಥರ. ಕ್ಲಾಸಿಲ್ಲ, ಹಾಜರಿಯಿಲ್ಲ. ನಿನಗೆ ಗೊತ್ತಿರುವುದನ್ನು ಬರೆದು ತೋರಿಸು, ಪಾಸಾದರೆ ಮುಂದಿನ ವಿಷಯಕ್ಕೆ ಹೋಗು. ಆರು ತಿಂಗಳಿಗೆ ಒಂದೇ ಫೀಸು. ಅಷ್ಟರಲ್ಲಿ ಒಂದು ವಿಷಯ ಮುಗಿಸುವುದೋ, ಹನ್ನೊಂದನ್ನೂ ಮುಗಿಸುವುದೋ, ಅವರವರ ತಾಕತ್ತು. ಫೀಸಿನಲ್ಲಿ ಅರ್ಧ ಆಸ್ಪತ್ರೆಯೇ ಕೊಡುತ್ತಿತ್ತು, ಕೊನೆಯ ಪೇಪರಿನ ಒಂದು ಪ್ರತಿ ಆಫೀಸಿಗೆ ಕೊಡಬೇಕೆಂಬ ಷರತ್ತಿನ ಮೇಲೆ. ಆದರೆ ಒಂದೇ ಅವಧಿಗೆ, ಒಂದೇ ಸಲ. ಮೇಲಿನ ಮಹಡಿಯಲ್ಲಿ ಮ್ಯಾನೇಜರ್ ಕೆಲಸವೊಂದು ಖಾಲಿಯಾಗಿತ್ತು. ಅರ್ಜಿಗೆ ಮಾಸ್ಟರ್ಸ್ ಬೇಕು, ಮೇ ಮುಗಿಯುವುದರೊಳಗೆ ಬೇಕು.

ಹತ್ತೊಂಬತ್ತು ವರ್ಷ ಅವಳು ಆ ನೆಲಮಾಳಿಗೆಯಲ್ಲಿ ಬೆಂದಿದ್ದಳು. ಕಿಟಕಿಯಿರುವ ಒಂದು ಕೋಣೆ ಬೇಕೆಂದು ಆಸೆಪಟ್ಟರೆ ಅದೇನು ದೊಡ್ಡ ಪಾಪವೇ?

ಓದಿದ್ದು ಅವಳೊಬ್ಬಳೇ ಎನ್ನುವುದೂ ಸುಳ್ಳು. ಡಿಸೆಂಬರಿನಿಂದ ಅವಳ ಪಾಲಿನ ಟವೆಲ್ಲುಗಳನ್ನು ವರ್ನಾ ಮಡಿಸುತ್ತಿದ್ದಳು. ಊಟದ ಹೊತ್ತಿನಲ್ಲಿ ಪೆಪರೋನಿ ಬನ್ನು ಕಚ್ಚುತ್ತಾ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಟ್ವೈಲಾ ಬರೆದಿಟ್ಟ ಪ್ರಶ್ನೆಯ ಚೀಟಿಗಳನ್ನು ಒಂದೊಂದಾಗಿ ಓದುತ್ತಿದ್ದಳು. ತಪ್ಪು ಹೇಳಿದರೆ ಒದ್ದೆ ಟವೆಲ್ಲಿನಿಂದ ಏಟು.

"ಯಾಕೆ ಇಷ್ಟು ಕಷ್ಟಪಡ್ತೀಯ ನನಗೋಸ್ಕರ?" ಎಂದು ಟ್ವೈಲಾ ಒಮ್ಮೆ ಕೇಳಿದ್ದಳು.

"ನಿನಗೋಸ್ಕರ ಯಾರು ಪಡ್ತಾರೆ! ನಮ್ಮವಳು ಅಂತ ಒಬ್ಬಳು ಮೇಲಿದ್ರೆ ಆ ಯಂತ್ರ ರಿಪೇರಿ ಮಾಡಿಸ್ತಾಳೆ. ನನ್ನ ಭುಜ ಇನ್ನು ಮೂರು ವರ್ಷ ಬಾಳ್ಬೇಕು ಕಣೇ, ಆಮೇಲೆ ಬಿದ್ದೋಗ್ಲಿ."

ಮೂರು ವರ್ಷದ ಲೆಕ್ಕ ಅಲ್ಲಿ ಎಲ್ಲರಿಗೂ ಗೊತ್ತಿತ್ತು. ವರ್ನಾಳ ಗಂಡ ಕ್ಲೀಟ್ ಕಲ್ಲಿದ್ದಲು ಗಣಿಯಲ್ಲಿ ದುಡಿದು ಪುಪ್ಪುಸ ಕಳೆದುಕೊಂಡವನು. ಇದು ಗಣಿಯ ಧೂಳಿನದಲ್ಲ, ನಿನ್ನ ಸಿಗರೇಟಿನದು ಎಂದು ಕಂಪನಿ ಕೈತೊಳೆದುಕೊಂಡಿತ್ತು. ಅವನ ಮೂಗಿನ ಕೊಳವೆ, ಆಮ್ಲಜನಕದ ಸಿಲಿಂಡರು, ಮಾತ್ರೆ, ಎಲ್ಲವೂ ವರ್ನಾಳ ಕೆಲಸದ ಜೊತೆ ಬಂದ ಆರೋಗ್ಯ ವಿಮೆಯಿಂದಲೇ ನಡೆಯುತ್ತಿದ್ದವು. ಸರ್ಕಾರದ ವಿಮೆ ಸಿಗಲು ಅವನಿಗೆ ಅರವತ್ತೈದು ತುಂಬಬೇಕು, ತುಂಬಿದ್ದು ಅರವತ್ತೆರಡು.

ಹಾಗಾಗಿ ಟ್ವೈಲಾ ಕೊನೆಯ ಪೇಪರನ್ನು ಆ ಯಂತ್ರದ ಮೇಲೇ ಬರೆದಳು. ಯಂತ್ರ ರಿಪೇರಿ ಮಾಡಿಸಿ, ಹೆಂಗಸರ ಭುಜ ಉಳಿಸಿ, ಇಷ್ಟು ಹೊತ್ತು ಉಳಿಯುತ್ತದೆ ಎಂದು ಲೆಕ್ಕ ತೋರಿಸಿದಳು. ಎರಡನೇ ದಾರಿಯೊಂದನ್ನೂ ತೋರಿಸಬೇಕೆಂಬ ನಿಯಮವಿತ್ತು. ಬಟ್ಟೆಯನ್ನೆಲ್ಲ ಹೊರಗಿನ ಕಂಪನಿಗೆ ಕೊಟ್ಟು ಒಗೆಸಬಹುದು ಎಂದು, ಶಾಸ್ತ್ರಕ್ಕೆ, ಅರ್ಧ ಪುಟ ಗೀಚಿದಳು.

ಪೇಪರು ವಾಪಸ್ಸು ಬಂತು. ಸಾಮರ್ಥ್ಯ ಸಾಬೀತಾಗಿಲ್ಲ, ಎಂದಿತ್ತು ಷರಾ. ತಿದ್ದಿ ಕಳಿಸಿದಳು. ಮತ್ತೆ ವಾಪಸ್ಸು. ಈ ಸಲ ಮುಖ ಕಾಣದ ಆ ಪರೀಕ್ಷಕ ಎರಡು ಸಾಲು ವಿವರಿಸಿದ್ದ: ಕೆಲಸಗಾರರು ಒಂದು ಶೀಟನ್ನು ನಲವತ್ತು ಸೆಕೆಂಡಿನಲ್ಲಿ ಮಡಿಸುತ್ತಿದ್ದರೆ ಯಂತ್ರದಿಂದ ಆಗುವ ಲಾಭ ಅತ್ಯಲ್ಪ, ಬದಲಾವಣೆಗೆ ಆಧಾರ ಸಾಲದು.

ಕೈ ಚುರುಕಾಗಿರುವುದೇ ತಪ್ಪಾಯಿತಲ್ಲ ಎಂದು ಟ್ವೈಲಾ ಅಡುಗೆಮನೆಯ ಮೇಜಿನ ಮುಂದೆ ಕೂತು ಹುಚ್ಚಿಯ ಹಾಗೆ ನಕ್ಕಳು. ಅವಧಿ ಮುಗಿಯಲು ನಾಲ್ಕೇ ದಿನ. ಕೋರ್ಸಿನ ವೆಬ್‌ಸೈಟಿನಲ್ಲಿ ಯಾರ್ಯಾರೋ ನಲವತ್ತು ದಿನದಲ್ಲಿ ಮುಗಿಸಿದೆ, ಇಪ್ಪತ್ತೆಂಟು ದಿನದಲ್ಲಿ ಮುಗಿಸಿದೆ ಎಂದು ಜಂಬ ಕೊಚ್ಚಿಕೊಂಡಿದ್ದರು. ಇವಳು ಹತ್ತು ವಿಷಯ ದಾಟಿ ಹನ್ನೊಂದನೆಯದರ ಹೊಸ್ತಿಲಲ್ಲಿ ಮುಗ್ಗರಿಸಿ ಬಿದ್ದಿದ್ದಳು.

ಫೋನು ತೆಗೆದಳು. ಪಟ್ಟಿಯ ತುದಿಯಲ್ಲಿ ಅದು ಇತ್ತು. ಸುಳ್ಳೇನಲ್ಲವಲ್ಲ, ಎಂದುಕೊಂಡಳು. ಗಡಿಯಾರ ತೋರಿಸಿದ್ದೇ ತಾನೇ. ಯಂತ್ರ ಬಂದರೆ ಅವರಿಗೇ ಒಳ್ಳೆಯದು. ನಲವತ್ತು ಸೆಕೆಂಡು ಎಂದು ಇದ್ದಲ್ಲೆಲ್ಲ ಮೂರು ನಿಮಿಷ ಹತ್ತು ಸೆಕೆಂಡು ಎಂದು ಮಾಡಿ ಕಳಿಸಿದಳು. ಮಾರನೇ ದಿನ ಮಧ್ಯಾಹ್ನಕ್ಕೆ ಪಾಸು.

ಲಾಂಡ್ರಿಯಲ್ಲಿ ಕೇಕು ಕತ್ತರಿಸಿದರು. ವರ್ನಾ ದಿಂಬಿನ ಚೀಲವೊಂದನ್ನು ಚೌಕವಾಗಿ ಮಡಿಸಿ ಪಿನ್ನು ಹಾಕಿ, ಪದವಿಯ ಟೋಪಿಯ ಹಾಗೆ ಅವಳ ತಲೆಗಿಟ್ಟಳು. "ಏ ಮಹಾರಾಣೀ, ಮೇಲೆ ಹೋದ್ಮೇಲೆ ನಮ್ಮ ಗುರುತಿರತ್ತೇನೇ?" ಎಂದು ಗಲ್ಲ ಹಿಂಡಿದಳು. ಟ್ವೈಲಾ ಅವಳನ್ನು ತಬ್ಬಿಕೊಂಡು ಅತ್ತಳು. ಆ ಹೊತ್ತಿಗೆ ಅದು ಸಂತೋಷದ ಅಳುವೇ ಆಗಿತ್ತು. ಸಂಜೆ ಪೇಪರಿನ ಪ್ರತಿಯನ್ನೂ ಮ್ಯಾನೇಜರ್ ಕೆಲಸದ ಅರ್ಜಿಯನ್ನೂ ಆಫೀಸಿನ ಪೆಟ್ಟಿಗೆಗೆ ಹಾಕಿ ಮನೆಗೆ ಹೋದಳು.

ಎರಡು ವಾರದ ಮೇಲೆ ಆಸ್ಪತ್ರೆಯ ನಿರ್ದೇಶಕ ಪ್ರೆಂಟಿಸ್ ಕರೆಸಿದ. ಮೇಜಿನ ಮೇಲೆ ಅವಳ ಪೇಪರು ಬಿದ್ದಿತ್ತು, ಸಾಲುಗಳಿಗೆಲ್ಲ ಹಳದಿ ಬಳಿದಿತ್ತು.

"ಬನ್ನಿ ಬನ್ನಿ, ಕೂತ್ಕೊಳಿ. ಎಂಥ ಕೆಲಸ ಮಾಡಿದೀರ ನೀವು! ನಾವು ವರ್ಷಗಟ್ಟಲೆ ತಲೆ ಕೆರ್ಕೊಂಡಿದ್ದು ಇದಕ್ಕೇ."

"ಯಂತ್ರ ರಿಪೇರಿ ಆದ್ರೆ ತುಂಬಾ ಅನುಕೂಲ ಆಗತ್ತೆ..."

"ಯಂತ್ರ ಬಿಡಿ. ಎರಡನೇ ದಾರಿ ಅಂತ ಬರ್ದಿದೀರಲ್ಲ, ಹೊರಗೆ ಕೊಡೋದು, ಅದು. ಬೋರ್ಡಿನವರು ಒಪ್ಪಿಬಿಟ್ರು. ಒಂದು ಶೀಟಿಗೆ ಮೂರು ನಿಮಿಷ ಹತ್ತು ಸೆಕೆಂಡು ಅಂದ್ರೆ ಯಾರು ತಾನೇ ಇಟ್ಕೋತಾರೆ ಹೇಳಿ?"

ಟ್ವೈಲಾ ಹಳದಿ ಬಳಿದ ಸಾಲುಗಳಿಂದ ಕಣ್ಣೆತ್ತಿದಳು. ಪ್ರೆಂಟಿಸ್‌ನ ಬೆನ್ನ ಹಿಂದಿನ ಕಿಟಕಿಯಾಚೆ ಬೆಟ್ಟ, ಬೆಟ್ಟದ ಕೆಳಗೆ ನದಿ, ನದಿಯ ಮೇಲೆ ನಿಧಾನವಾಗಿ ಸಾಗುವ ದೋಣಿಯೊಂದು ಕಾಣುತ್ತಿತ್ತು.

"ಲಾಂಡ್ರಿಯವರು?" ಎಂದಳು.

"ಜೂನ್ ಕೊನೇವರೆಗೆ ಇರ್ತಾರೆ. ಬೇಜಾರಿನ ವಿಷಯಾನೇ. ಜುಲೈ ಒಂದರಿಂದ ಮ್ಯಾನೇಜರ್ ಕೆಲಸ ನಿಮ್ಮದು, ಹೊರಗಿನ ಕಂಪನಿ ಜೊತೆ ವ್ಯವಹಾರ ಎಲ್ಲ ನೀವೇ ನೋಡ್ಕೋಬೇಕು." ಅವನು ಹಾಳೆ ತಿರುವಿ ಆ ಸಾಲಿನ ಮೇಲೆ ಬೆರಳಿಟ್ಟ. "ಒಂದೇ ಒಂದು ಮಾತು, ಬೋರ್ಡಿನವರು ಕೇಳಿದ್ರು. ಇದನ್ನ ನೀವೇ ಖುದ್ದಾಗಿ ಅಳೆದಿದ್ದಾ?"

ಅಲ್ಲ ಎನ್ನಬಹುದಿತ್ತು. ತಮಾಷೆಗೆ ಆಡಿದ್ದು, ನಾನೇ ತಿರುಚಿದ್ದು ಎಂದರೆ ಮುಗಿಯಿತು. ಕೆಲಸ ಹೋಗುತ್ತಿತ್ತು. ಆ ಮುಖವಿಲ್ಲದ ಪರೀಕ್ಷಕನಿಗೆ ಸುದ್ದಿ ಮುಟ್ಟಿ ಡಿಗ್ರಿಯೂ ಹೋಗುತ್ತಿತ್ತೋ ಏನೋ. ಹನ್ನೊಂದು ವರ್ಷ, ಮೇಲೆ ಆರು ತಿಂಗಳು. ಅವಳಿಗೆ ಭಯವಾಯಿತು. ತಾನು ಇಷ್ಟು ಹೇಡಿಯೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಹೌದು," ಎಂದಳು. "ನಾನೇ ಅಳೆದಿದ್ದು."

ಆ ವಾರದಲ್ಲಿ ಎರಡು ಸಲ ಮೆಟ್ಟಿಲು ಹತ್ತಿ ಪ್ರೆಂಟಿಸ್‌ನ ಬಾಗಿಲವರೆಗೆ ಹೋದಳು, ಎರಡು ಸಲವೂ ಹಾಗೇ ಇಳಿದು ಬಂದಳು. ಶುಕ್ರವಾರ ನಾಲ್ವರ ಕೈಗೂ ಕಾಗದ ಬಂತು. ಒಳಗಿನ ಅಧ್ಯಯನವೊಂದರ ಪ್ರಕಾರ ಎಂದು ಶುರುವಾಗಿ, ಶೀಟೊಂದಕ್ಕೆ ಮೂರು ನಿಮಿಷ ಹತ್ತು ಸೆಕೆಂಡು ಎಂದು ನಡುವೆ ಹೇಳಿ, ಸೇವೆಗೆ ಕೃತಜ್ಞತೆಯೊಂದಿಗೆ ಮುಗಿದಿತ್ತು. ಡಾಟಿ ಗಟ್ಟಿಯಾಗಿ ಶಾಪ ಹಾಕಿದಳು. ವರ್ನಾ ಓದಿ, ಮಡಿಸಿ, ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಗಾಡಿಯತ್ತ ನಡೆದಳು. ಆವತ್ತಿನಿಂದ ಟ್ವೈಲಾಳ ಹತ್ತಿರ ಅವಳು ಬೇಕಾದಷ್ಟೇ ಮಾತಾಡಿದಳು. ಸಾಬೂನು ಮುಗಿದಿದೆ. ಎರಡನೇ ಯಂತ್ರ ಸೋರ್ತಿದೆ. ಅಷ್ಟೆ.

ಜೂನಿನ ಕೊನೆಯ ದಿನ ಮೂರು ಗಂಟೆಗೆಲ್ಲ ಉಳಿದವರು ಹೊರಟುಹೋದರು. ಟ್ವೈಲಾ ಕತ್ತಿಗೆ ಹೊಸ ಗುರುತುಪಟ್ಟಿ ಹಾಕಿಕೊಂಡು ಬೀಗದ ಕೈ ಇಸಿದುಕೊಳ್ಳಲು ಇಳಿದು ಬಂದಾಗ ವರ್ನಾ ಒಬ್ಬಳೇ ಗಾಡಿಯ ಮುಂದೆ ನಿಂತಿದ್ದಳು. ಗಾಡಿಯಲ್ಲಿ ಇನ್ನೂ ಐದಾರು ಶೀಟು ಉಳಿದಿದ್ದವು.

"ಬಿಡು ವರ್ನಾ. ಸೋಮವಾರ ಅವರ ಲಾರಿ ಬರತ್ತೆ."

"ಅರ್ಧಕ್ಕೆ ಬಿಟ್ಟು ಹೋಗಿ ನನಗೆ ಅಭ್ಯಾಸ ಇಲ್ಲ."

ಒಣಗಿಸುವ ಯಂತ್ರಗಳು ನಿಂತು, ಕೋಣೆ ಎಂದೂ ಇಲ್ಲದಷ್ಟು ತಣ್ಣಗಿತ್ತು. ಟ್ವೈಲಾ ಮೇಜಿನ ಹತ್ತಿರ ಬಂದಳು. "ಕ್ಲೀಟ್ ಹೇಗಿದಾನೆ?" ಎಂದು ಕೇಳಿಬಿಟ್ಟು, ಯಾಕಾದರೂ ಕೇಳಿದೆನೋ ಎಂದುಕೊಂಡಳು.

"ಇದಾನೆ. ಸಿಲಿಂಡರು ದಿನಕ್ಕೆ ಎಷ್ಟು ಹೊತ್ತು ಆರಿಸಿಡಬಹುದು ಅಂತ ನೋಡ್ತಿದಾನೆ." ವರ್ನಾ ಶೀಟೊಂದನ್ನು ಎತ್ತಿ ಒದರಿದಳು. "ಆ ಮೂರು ಹತ್ತು, ನಾನು ಮದುಮಗಳಾಗಿದ್ದೆನಲ್ಲ, ಆ ಸಲದ್ದು ಅಲ್ವೇನೇ?"

ಟ್ವೈಲಾ ತಲೆ ತಗ್ಗಿಸಿದಳು.

"ಗಡಿಯಾರ ತೆಗಿ," ಎಂದಳು ವರ್ನಾ.

"ವರ್ನಾ, ನಾನು..."

"ತೆಗಿ ಅಂದೆ."

ಟ್ವೈಲಾ ಫೋನು ತೆಗೆದು ಮೇಜಿನ ಮೇಲಿಟ್ಟು ಗಡಿಯಾರ ಒತ್ತಿದಳು. ವರ್ನಾ ಶೀಟಿನ ಒಂದು ತುದಿ ಎಸೆದಳು, ಇವಳ ಕೈ ತಾನಾಗೇ ಮೂಲೆ ಹಿಡಿಯಿತು. ಎಳೆದು ಬಿಗಿ ಮಾಡಿದರು, ಉದ್ದಕ್ಕೆ ಮಡಿಸಿದರು, ಮತ್ತೊಮ್ಮೆ ಮಡಿಸಿದರು. ನಡೆದು ಹತ್ತಿರ ಬಂದರು. ವರ್ನಾಳ ಒರಟು ಬೆರಳುಗಳು ಅವಳ ಬೆರಳುಗಳಿಂದ ಮೂಲೆಗಳನ್ನು ಬಿಡಿಸಿಕೊಂಡವು. ಇಷ್ಟು ಹತ್ತಿರದಲ್ಲಿ ನಿಂತೂ ವರ್ನಾ ಅವಳ ಮುಖ ನೋಡಲಿಲ್ಲ, ಬಟ್ಟೆಯ ಅಂಚನ್ನೇ ನೋಡಿದಳು. ಕೊನೆಯ ಮಡಿಕೆ ಹಾಕಿ, ಅಂಗೈಯಿಂದ ಒಮ್ಮೆ ನೀವಿ, ಸಾಲಿನ ಮೇಲಿಟ್ಟಳು.

"ಎಷ್ಟಾಯ್ತು?"

ಟ್ವೈಲಾ ನಿಲ್ಲಿಸಿ ನೋಡಿದಳು. "ಮೂವತ್ತೊಂಬತ್ತು."

"ಬರ್ಕೋ."

ವರ್ನಾ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಊಟದ ಚೀಲ ತೋಳಿಗೆ ಸಿಕ್ಕಿಸಿಕೊಂಡು ಹಿಂಬಾಗಿಲ ಮೆಟ್ಟಿಲು ಹತ್ತಿದಳು. ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಹತ್ತುವ ಸದ್ದು ಕೇಳಿ, ಆಮೇಲೆ ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿತು.

ಟ್ವೈಲಾ ಗಾಡಿಯಿಂದ ಮುಂದಿನ ಶೀಟನ್ನು ಎಳೆದು, ಎರಡು ಮೂಲೆ ಹಿಡಿದು, ಕೈಗಳನ್ನು ಆದಷ್ಟು ಅಗಲ ಚಾಚಿದಳು. ಇನ್ನೊಂದು ತುದಿ ಸಿಮೆಂಟಿನ ನೆಲದ ಮೇಲೆ ಬಿದ್ದಿತ್ತು.