ಐದನೆಯ ಮುನಿಸಿಪಾಲ್ಟಿ ಮೀನು

ನಾನು ಜಂಬದವಳೇನೋ ಎಂಬ ಸಣ್ಣ ಚಿಂತೆಯೊಂದು ಕೆಲವು ದಿನಗಳಿಂದ ಕಾಡುತ್ತಿದೆ. ಯಾರನ್ನು ಕೇಳುವುದು? ಕೇಳಿದರೆ ನಗುತ್ತಾರೆ. ದಿನಕ್ಕೆ ನಾನು ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲಿ ಆರು ಬರೀ ‘ಹೂಂ’. ಇಂಥವಳಿಗೆ ಜಂಬ ಎಲ್ಲಿಂದ ಬರಬೇಕು? ಆದರೂ ಬಂದಿದೆ, ಒಂದು ಮೀನಿನ ವಿಷಯದಲ್ಲಿ. ಡೈರಿಯಲ್ಲಿ ಬರೆದುಬಿಟ್ಟರೆ ಇಳಿದೀತು ಎಂದುಕೊಂಡಿದ್ದೆ. ಬರೆಯುತ್ತ ಬರೆಯುತ್ತ ಇನ್ನಷ್ಟು ಏರಿತು.

ಕಂಪಾರ್ ಪಟ್ಟಣದ ಹಳೇ ಬೀದಿಯಲ್ಲಿ ನಮ್ಮದು ಬಣ್ಣದ ಮೀನಿನ ಅಂಗಡಿ. ಮುಂದುಗಡೆ ಅಪ್ಪ, ಹಿಂದಿನ ಕೋಣೆಯಲ್ಲಿ ಅರವತ್ತೆರಡು ತೊಟ್ಟಿಗಳು. ತೆರೆಂಗಾನುವಿನ ವಿಶ್ವವಿದ್ಯಾಲಯದಲ್ಲಿ ಜಲಚರಗಳ ವಿಷಯದಲ್ಲಿ ಪದವಿ ಮುಗಿಸಿ ಬಂದ ಎರಡು ವರ್ಷದಿಂದ ಅಲ್ಲಿನ ನೀರು, ಮೊಟ್ಟೆ, ಮರಿ ಎಲ್ಲ ನೋಡಿಕೊಳ್ಳುತ್ತಿರುವವಳು ನಾನು. ಆದರೆ ಕೋಣೆ ನನ್ನದಲ್ಲ. ಅಪ್ಪನ ಮಂಡಿ ಸವೆದಿದೆ. ಚೀನೀ ಹೊಸ ವರ್ಷದ ಹಬ್ಬ ಕಳೆದ ಮೇಲೆ ಕೋಣೆಯನ್ನು ಒಬ್ಬರಿಗೆ ಒಪ್ಪಿಸಿಬಿಡುತ್ತೇನೆ, ಯಾವ ಮೀನು ತರಿಸಬೇಕು, ಯಾವುದನ್ನು ಯಾರಿಗೆ ಕೊಡಬೇಕು ಎಂಬುದೆಲ್ಲ ಆಮೇಲೆ ಅವರ ಇಷ್ಟ ಎಂದು ಹೇಳುತ್ತಿದ್ದರು. ಅವರ ಕಣ್ಣಿದ್ದದ್ದು ದೊಡ್ಡಪ್ಪನ ಮಗ, ಅಂಗಡಿಯಲ್ಲಿ ಗಿರಾಕಿಗಳನ್ನು ಮಾತಾಡಿಸುವ ಹಿನ್ ಲೂಂಗನ ಮೇಲೆ.

“ಬಾಯಿದ್ದವನು ಬರಗಾಲದಲ್ಲೂ ಬದುಕ್ತಾನೆ ಮುನ್,” ಎಂದಿದ್ದರು ಅಪ್ಪ ಒಮ್ಮೆ ನನಗೆ, ಬೇಸರದಿಂದಲ್ಲ, ಪ್ರೀತಿಯಿಂದಲೇ. “ನೀನು ಬಾಯಿ ತೆರೆಯೋದ್ರೊಳಗೆ ಗಿರಾಕಿ ಮನೆಗೆ ಹೋಗಿ, ಉಂಡು ಮಲಗಿರ್ತಾನೆ.”

ನನಗೆ ಆ ಕೋಣೆ ಬೇಕಿತ್ತು. ಬೇರೆ ಯಾವುದೂ ಅಷ್ಟು ಬೇಕೆನಿಸಿದ್ದಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಕ್ವಾಯ್ ಲಾನ್ ಆಂಟಿ ಪ್ಲಾಸ್ಟಿಕ್ ಚೀಲದಲ್ಲಿ ಸತ್ತ ಮೀನು ಹಿಡಿದುಕೊಂಡು ಬಂದರು. ಬೀದಿಯ ತುದಿಯ ಕಾಫಿ ಅಂಗಡಿ ಅವರದು. ಗಲ್ಲಾದ ಪಕ್ಕದ ಗಾಜಿನ ತೊಟ್ಟಿಯಲ್ಲಿ ಅವರ ಲುವೊಹಾನ್ ಇದೆ, ಹಣೆ ಉಬ್ಬಿದ, ಸಿಕ್ಲಿಡ್ ಕುಲದ ಕೆಂಪು ಮೀನು; ತೌಕೆ, ಎಂದರೆ ಧಣಿ, ಎಂದು ಅದಕ್ಕೆ ಹೆಸರು. ಸಿಕ್ಲಿಡ್ ಕುಲವೇ ಜಗಳಗಂಟ, ತೌಕೆಯಂತೂ ಆ ಕುಲಕ್ಕೇ ಕಳಶ. ಗಾಜಿಗೆ ಅಂಟಿದ ಪಾಚಿ ಕೆರೆದು ತಿನ್ನಲು ಅದರ ಜೊತೆಗೊಂದು ಪ್ಲೆಕೊ ಬೇಕು. ನಮ್ಮೂರಲ್ಲಿ ಪ್ಲೆಕೊ ಎಂದು ಯಾರೂ ಕರೆಯುವುದಿಲ್ಲ, ಎಲ್ಲರ ಬಾಯಲ್ಲೂ ಅದು ಮುನಿಸಿಪಾಲ್ಟಿ ಮೀನು.

ಚೀಲದಲ್ಲಿದ್ದದ್ದು ನಮ್ಮ ಅಂಗಡಿಯಿಂದ ಹೋದ ನಾಲ್ಕನೆಯ ಪ್ಲೆಕೊ. ಮೊದಲನೆಯದು ಬೆರಳುದ್ದದ ಮರಿ. ತೌಕೆ ನುಂಗಿ, ಅದರ ಮುಳ್ಳು ಗಂಟಲಿಗೆ ಸಿಕ್ಕಿ ತಾನೂ ಸಾಯುವುದರಲ್ಲಿತ್ತು. ಆಮೇಲಿನ ಎರಡು, ಮೀಸೆಯದೊಂದು, ಪಟ್ಟೆಪಟ್ಟೆಯ ಚೆಲುವನೊಂದು, ತೌಕೆ ಕುಕ್ಕಿ ಕಣ್ಣು ಕಳೆದುಕೊಂಡು ಸತ್ತವು. ನಾಲ್ಕನೆಯದನ್ನು ಹಿನ್ ಲೂಂಗನೇ ಆರಿಸಿದ್ದ. ತೌಕೆಗಿಂತ ದೊಡ್ಡದು. ಆದರೆ ಹಸಿವು ತಾಳದೆ ಅದು ತೌಕೆಯ ಪಕ್ಕೆಗೇ ಬಾಯಿ ಹಚ್ಚಿ ಮೈಯ ಲೋಳೆ ಹೀರಿತ್ತು, ತೌಕೆ ಬಿಟ್ಟೀತೇ?

ಆಂಟಿ ಚೀಲವನ್ನು ಅಪ್ಪನ ಮೇಜಿನ ಮೇಲಿಟ್ಟು, ನೀವು ಮಾರುವುದು ಜೊತೆಗಾರನನ್ನೋ, ನನ್ನ ಮೀನಿನ ತಿಂಡಿಯನ್ನೋ ಎಂದು ಕೇಳಿದರು. ಇನ್ನೊಂದು ಸತ್ತರೆ ತನ್ನ ಹದಿನಾಲ್ಕು ಮೇಜಿಗೂ ಕಾಫಿಯ ಜೊತೆ ಈ ಸುದ್ದಿಯನ್ನೂ ಬಡಿಸುತ್ತೇನೆ ಎಂದರು. ಅಪ್ಪ ತಲೆ ತಗ್ಗಿಸಿದರು. ಆಂಟಿ ಹೋದಮೇಲೆ ಹಿನ್ ಲೂಂಗ ನನ್ನ ಹತ್ತಿರ ಬಂದು, “ಇದು ನನ್ನ ಕೈಲಾಗಲ್ಲ ಮಾರಾಯ್ತಿ, ನೀನೇ ಏನಾದ್ರೂ ಮಾಡು,” ಎಂದ.

ಮಾಡಿದೆ. ಹೇಗೆ ಮಾಡಿದೆ ಎಂಬುದೇ ನನ್ನ ಜಂಬ.

ಹಿಂದಿನ ಕೋಣೆಯ ಮೂಲೆಯ ಸಿಮೆಂಟಿನ ತೊಟ್ಟಿಯಲ್ಲಿ ಮಾರಾಟವಾಗದ ಮೀನುಗಳಿವೆ: ಮುದಿ ಲುವೊಹಾನ್‌ಗಳು, ಅವುಗಳ ನಡುವೆ ಹನ್ನೊಂದು ಪ್ಲೆಕೊಗಳು. ಎರಡು ದಿನ ಅಲ್ಲಿ ಕುಕ್ಕುರುಗಾಲಲ್ಲಿ ಕೂತು ನೋಡಿದೆ. ಎಲ್ಲರೂ ದೊಡ್ಡದನ್ನೋ ಗಟ್ಟಿಯದನ್ನೋ ಹುಡುಕುತ್ತಾರೆ. ಆದರೆ ಲುವೊಹಾನ್ ಗಾತ್ರ ನೋಡಿ ಅಟ್ಟುವುದಿಲ್ಲ, ಓಡುವುದನ್ನು ನೋಡಿ ಅಟ್ಟುತ್ತದೆ. ಊಟದ ಕಡ್ಡಿಯೊಂದನ್ನು ತಂದು ಹನ್ನೊಂದನ್ನೂ ಒಂದೊಂದಾಗಿ ಪಕ್ಕೆಗೆ ತಿವಿದೆ. ಒಂಬತ್ತು ಚಂಗನೆ ಓಡಿದವು. ಒಂದು ತಿರುಗಿ ಕಡ್ಡಿಯ ಮೇಲೇ ಬಂತು. ಅದೂ ಆಗದು, ಎದುರು ಬೀಳುವವನನ್ನು ತೌಕೆ ಕೊಲ್ಲದೆ ಬಿಡುವುದಿಲ್ಲ. ಕೊನೆಯದು ಗೇಣುದ್ದದ ಕಂದುಬಣ್ಣದ ಮೀನು, ಬಾಲದ ತುದಿ ಹರಿದದ್ದು, ಯಾರೂ ಎರಡನೆಯ ಸಲ ನೋಡದಂಥದ್ದು. ತಿವಿದಾಗ ಅದು ರೆಕ್ಕೆಯ ಮುಳ್ಳುಗಳನ್ನು ಅಗಲಿಸಿ ಕಲ್ಲಿಗೆ ಕಚ್ಚಿಕೊಂಡಿತು, ಅಷ್ಟೇ. ಇನ್ನೂ ಒತ್ತಿದೆ. ಕಡ್ಡಿ ಬಾಗಿತು, ಮೀನು ಕದಲಲಿಲ್ಲ.

‘ಇದೇ’ ಎಂದು ಡೈರಿಯಲ್ಲಿ ಬರೆದು ಎರಡು ಗೆರೆ ಎಳೆದೆ.

ಅದರ ಹೆಗಲನ್ನು ಬೆರಳಲ್ಲಿ ಅಳೆದು, ಅಷ್ಟೇ ಅಗಲದ ಮಣ್ಣಿನ ಕೊಳವೆ ಹುಡುಕಿದೆ. ಮೀನಿನ ತಲೆ ಒಳಗೆ ಹೋಗಬೇಕು, ಕವಚದಂಥ ಗಟ್ಟಿ ಬೆನ್ನು ಕೊಳವೆಯ ಬಾಯಿ ಮುಚ್ಚಬೇಕು, ತೌಕೆಯ ಬಾಯಿಗೆ ಸಂದು ಸಿಗಬಾರದು. ಹಸಿದು ತೌಕೆಯ ಮೈಗೆ ಬಾಯಿ ಹಚ್ಚದಿರಲೆಂದು ಮೂರು ದಿನ ಅದಕ್ಕೆ ಹೊಟ್ಟೆ ತುಂಬ ಸೌತೆಕಾಯಿ ಹಾಕಿದೆ.

ನಾಲ್ಕನೆಯ ದಿನ ಕಾಫಿ ಅಂಗಡಿಗೆ ಹೋದೆವು. ಮಾತು ಹಿನ್ ಲೂಂಗನದು, ಕೈ ನನ್ನದು. ತೌಕೆಯನ್ನು ಬಕೆಟ್ಟಿಗೆ ಎತ್ತಿ, ತೊಟ್ಟಿಯೊಳಗಿನ ಕಲ್ಲಿನ ಜಾಗ ಬದಲಿಸಿ, ಕೊಳವೆಯಿಟ್ಟು ಪ್ಲೆಕೊವನ್ನು ಮೊದಲು ಬಿಟ್ಟು, ಸಂಜೆಯ ಹೊತ್ತಿಗೆ ತೌಕೆಯನ್ನು ಮರಳಿ ಬಿಡಬೇಕು, ಬೇರೆಯವರ ಮನೆಗೆ ಬಂದ ನೆಂಟನ ಹಾಗೆ. ಇದನ್ನೆಲ್ಲ ಚೀಟಿಯಲ್ಲಿ ಬರೆದು ಅವನಿಗೆ ಕೊಟ್ಟಿದ್ದೆ. ಕಲ್ಲು ಎಂದೊಡನೆ ಆಂಟಿ ಅಡ್ಡಬಂದರು. ದಿಕ್ಕು ನೋಡುವ ಗುರುಗಳು ಇಡಿಸಿದ ಕಲ್ಲಂತೆ, ಮುಖ ಬಾಗಿಲ ಕಡೆಗೇ ಇರಬೇಕಂತೆ. ಹಿನ್ ಲೂಂಗ ನನ್ನ ಮುಖ ನೋಡಿದ. ನಾನು ಮಾತಾಡದೆ ಕಲ್ಲನ್ನು ಎತ್ತಿ ತೊಟ್ಟಿಯ ಇನ್ನೊಂದು ತುದಿಗಿಟ್ಟೆ, ಮುಖವನ್ನು ಮಾತ್ರ ಬಾಗಿಲ ಕಡೆಗೇ ತಿರುಗಿಸಿ. ಆಂಟಿ ಬಾಗಿಲಿಗೂ ಕಲ್ಲಿಗೂ ನಡುವೆ ನಿಂತು ಕಣ್ಣಳತೆ ನೋಡಿದರು. ಗುರುಗಳು ತುದಿಯ ಮಾತು ಹೇಳಿರಲಿಲ್ಲ ಎಂದು ಒಪ್ಪಿಕೊಂಡರು.

ಪ್ಲೆಕೊಗೆ ದಿನಾ ಬೇರೆಯೇ ಊಟ ಹಾಕಬೇಕು ಎಂದು ಹಿನ್ ಲೂಂಗ ಹೇಳಿದಾಗ ಮಾತ್ರ ಆಂಟಿಗೆ ತಡೆಯಲಾಗಲಿಲ್ಲ. “ಕ್ಲೀನ್ ಮಾಡೋಕೆ ಬಂದವನಿಗೆ ಊಟ ಬೇರೆ ಹಾಕ್ಬೇಕಾ? ಅಷ್ಟು ಕಸ ಇದ್ಯಲ್ಲ, ತಿನ್ಲಿ.”

“ಮುನಿಸಿಪಾಲ್ಟಿಯವರು ಕಸ ಗುಡಿಸ್ತಾರೆ ಆಂಟಿ, ತಿನ್ನಲ್ಲ,” ಎಂದ ಹಿನ್ ಲೂಂಗ.

ಆ ಮಾತು ಚೀಟಿಯಲ್ಲಿರಲಿಲ್ಲ, ಅವನದೇ. ಒಳ್ಳೆಯ ಮಾತು, ನನಗೆ ಹೊಳೆಯುತ್ತಿರಲಿಲ್ಲ. ಆಂಟಿ ನಕ್ಕು, ಮೊಣಕೈವರೆಗೆ ನೀರಿನಲ್ಲಿದ್ದ ನನ್ನನ್ನು ತೋರಿಸಿ, ನಿನ್ನ ತಂಗಿಯ ಪಾಲಿನ ಮಾತನ್ನೂ ನೀನೇ ತಿಂದುಕೊಂಡು ಹುಟ್ಟಿದ್ದೀಯೇನೋ ಎಂದರು.

ಸಂಜೆ ತೌಕೆ ಮನೆಗೆ ಬಂದಿತು. ಹಣೆ ಮುಂದೊಡ್ಡಿ ಕೊಳವೆಗೆ ಗುದ್ದಿತು. ಮತ್ತೆ ಗುದ್ದಿತು. ಕಂದು ಮೀನು ಕದಲಲಿಲ್ಲ. ಕಾಫಿ ಕುಡಿಯುವವರೆಲ್ಲ ಎದ್ದು ಬಂದು ನಿಂತಿದ್ದರು. ಆರನೆಯ ಗುದ್ದಿನ ಮೇಲೆ ತೌಕೆ ಸುಮ್ಮನೆ ನೀರಲ್ಲಿ ನಿಂತು ಯೋಚಿಸಿತು, ಆಮೇಲೆ ತನ್ನ ಕಲ್ಲು ಎಲ್ಲಿ ಹೋಯಿತೆಂದು ಹುಡುಕುತ್ತ ಆಚೆ ಹೋಯಿತು. ಆಗ ನನ್ನ ಎದೆಯೊಳಗೆ ಏನೋ ನೆಟ್ಟಗೆ ಎದ್ದು ನಿಂತಿತು. ಪದವಿಯ ದಿನ ಕಪ್ಪು ನಿಲುವಂಗಿ ತೊಟ್ಟಾಗಲೂ ಹಾಗಾಗಿರಲಿಲ್ಲ.

ಇಂದಿಗೆ ಇಪ್ಪತ್ತನಾಲ್ಕು ದಿನ. ಬೆಳಿಗ್ಗೆ ಆಂಟಿ ಅಪ್ಪನನ್ನೂ ನಮ್ಮಿಬ್ಬರನ್ನೂ ಕರೆದು ಕೂರಿಸಿ, ಕಾಯಾ ಎಂಬ ತೆಂಗಿನ ಹಾಲಿನ ಜಾಮ್ ಸವರಿದ ಬ್ರೆಡ್ಡು, ಅರೆಬೆಂದ ಮೊಟ್ಟೆ ತಂದಿಟ್ಟರು. ತೊಟ್ಟಿಯ ಗಾಜು ಇಲ್ಲವೇ ಇಲ್ಲವೇನೋ ಎಂಬಷ್ಟು ತಿಳಿ. ತೌಕೆಯ ಪಕ್ಕೆಯ ಗಾಯ ಮಾಯ್ದು ಕೆಂಪು ಮರಳಿದೆ. ಅದರ ಹೊಟ್ಟೆಯ ಕೆಳಗೇ, ಒಂದು ಗೇಣೂ ದೂರವಿಲ್ಲದಂತೆ, ಹರಿದ ಬಾಲದವನು ನೆಮ್ಮದಿಯಾಗಿ ಮಲಗಿದ್ದ. ಆಂಟಿ ಹಿನ್ ಲೂಂಗನ ಭುಜ ಹಿಡಿದು, ಎಲ್ಲ ಮೇಜಿಗೂ ಕೇಳುವಂತೆ, ಮೀನು ಆರಿಸುವುದೆಂದರೆ ಈ ಹುಡುಗನನ್ನು ಕೇಳಿ, ಇವನ ಕಣ್ಣು ಕಣ್ಣಲ್ಲ, ತಕ್ಕಡಿ ಎಂದರು. ಅಪ್ಪನ ಮುಖ ಅರಳಿತು. ಹಬ್ಬದವರೆಗೆ ಕಾಯುವುದೇಕೆ ಎಂದರು.

“ಸೋಮವಾರದಿಂದ್ಲೇ ಹಿಂದಿನ ಕೋಣೆ ನೀನು ನೋಡ್ಕೋ ಲೂಂಗ್. ಮುನ್ ಸಹಾಯಕ್ಕೆ ಇರ್ತಾಳೆ.”

ಹಿನ್ ಲೂಂಗ ಬಾಯಿ ತೆರೆದ, ನನ್ನ ಕಡೆ ನೋಡಿದ, ಮತ್ತೆ ಬ್ರೆಡ್ಡಿನ ಕಡೆ ನೋಡಿದ. ಮೇಜಿನ ಕೆಳಗೆ ನನ್ನ ಎರಡೂ ಕೈ ಕುರ್ಚಿಯ ಅಂಚನ್ನು ಹಿಡಿದುಕೊಂಡಿದ್ದವು. ಸುತ್ತ ಕಪ್ ಬಸಿಗಳ ಸದ್ದು, ಎಲ್ಲರೂ ಅಪ್ಪನಿಗೆ ಶುಭ ಹೇಳುತ್ತಿದ್ದರು. ನಾನು ಎದ್ದು ನಿಂತೆ. ಕುರ್ಚಿ ಕಿರ್ರೆಂದಿತು, ಅಪ್ಪ ತಿರುಗಿ ನೋಡಿದರು.

“ಅಪ್ಪಾ,” ಎಂದೆ, “ಆ ಮೀನನ್ನ ಆರಿಸಿದ್ದು ನಾನು.”